ವಿಕ್ಟೋರಿಯನ್ ಮನೆಯ ಪುಟ್ಟ ಅಡುಗೆಮನೆ: ಬಂಗಲೆಯ ಅಂದವೋ, ಬಚ್ಚಲಿನ ಅಂದವೋ?

ಅಮ್ಮ ಮೊದಲ ಸಲ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಾಗ ನಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. "ಇದೇನೇ, ನಮ್ಮೂರಿನ ಬಚ್ಚಲುಮನೆ ಇದ್ದ ಹಾಗಿದೆಯಲ್ಲ" ಅಂದಳು. ಮನೆ ಕೊಂಡ ಹೊಸತು, ನನಗೆ ಬೇಜಾರಾಯಿತು. ಆಮೇಲೆ ಈ ಮನೆಗಳ ಬಗ್ಗೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ಅಮ್ಮನ ಮಾತಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನಮ್ಮದು 1890ರ ದಶಕದ ಸಾಲುಮನೆ. ಕೆಂಪು ಇಟ್ಟಿಗೆ, ನಡುನಡುವೆ ಬೂದು ಇಟ್ಟಿಗೆಯ ಪಟ್ಟಿ. ರೆಡಿಂಗ್‌ನಲ್ಲಿ ಬೀದಿಗಟ್ಟಲೆ ಇಂಥವೇ ಇವೆ. ಮುಂದೊಂದು ಕೋಣೆ, ನಡುವೆ ಒಂದು ಕೋಣೆ, ಹಿಂದೆ ಬಾಲದ ಹಾಗೆ ಕಿರಿದಾದ ಇನ್ನೊಂದು. ಕಟ್ಟಿದ ಕಾಲದಲ್ಲಿ ಅಡುಗೆ ಆಗುತ್ತಿದ್ದದ್ದು ನಡುಕೋಣೆಯಲ್ಲಿ, ಬೀಡುಕಬ್ಬಿಣದ ಕಲ್ಲಿದ್ದಲ ಒಲೆಯ ಮೇಲೆ. ಹಿಂದಿನ ಕೋಣೆಗೆ ಸ್ಕಲರಿ ಅಂತ ಹೆಸರು. ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು, ತರಕಾರಿ ಹೆಚ್ಚೋದು ಅಲ್ಲಿ. ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಕೂರಿಸಿದ ದೊಡ್ಡ ತಾಮ್ರದ ಪಾತ್ರೆ, ಅದರ ಕೆಳಗೆ ಬೆಂಕಿ. ಇಂಗ್ಲಿಷರು ಅದನ್ನು ಬರೀ 'ಕಾಪರ್' ಅಂತಿದ್ದರು. ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅದು ನಮ್ಮ ಹಂಡೆ ಒಲೆಯೇ.

ಮುಂದೆ ಗ್ಯಾಸ್ ಬಂತು, ಒಲೆ ಹಿಂದಕ್ಕೆ ಹೋಯಿತು, ನಡುಕೋಣೆ ಊಟದ ಕೋಣೆಯಾಯಿತು. ಹೀಗೆ ಬ್ರಿಟನ್ನಿನ ಸಾವಿರಾರು ಸಾಲುಮನೆಗಳಲ್ಲಿ ಇವತ್ತಿನ ಅಡುಗೆಮನೆ ಅಂದರೆ ಅವತ್ತಿನ ಸ್ಕಲರಿ. ನಮ್ಮದು 2.1 ಮೀಟರ್ ಅಗಲ, 3.2 ಮೀಟರ್ ಉದ್ದ. ಅದನ್ನು ಹಳೇ ಕಾಲದ ಹಾಗೆ ಮಾಡಿಸಲು ಹೊರಟು ನಾವು ಮಾಡಿದ ತಪ್ಪು ಒಪ್ಪುಗಳು ಇಲ್ಲಿವೆ. ಲಂಡನ್, ಲೆಸ್ಟರ್, ಮ್ಯಾಂಚೆಸ್ಟರ್ ಕಡೆ ಇಂಥದೇ ಮನೆ ತೆಗೆದುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ತೀರ್ಮಾನ: ಯಾವ ವಿಕ್ಟೋರಿಯನ್?

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಅರವತ್ತಕ್ಕೂ ಹೆಚ್ಚು ವರ್ಷದ ಅಭಿರುಚಿಯನ್ನೆಲ್ಲ ಒಂದೇ ಹೆಸರಲ್ಲಿ ಕಟ್ಟಿಹಾಕಿದ್ದೇವೆ ಅಷ್ಟೆ. ಅಡುಗೆಮನೆಯ ಮಟ್ಟಿಗೆ ಅಂಗಡಿಗಳಲ್ಲಿ ಕಾಣುವುದು ಮುಖ್ಯವಾಗಿ ಮೂರು ನೋಟ.

ಒಂದು, ಮುಂಗೋಣೆಯ ನೋಟ. ದಟ್ಟ ಹೂಬಳ್ಳಿಯ ವಾಲ್‌ಪೇಪರ್, ಕಡುಗಂದು ಮರ, ಝಾಲರಿನ ಪರದೆ. ಫೋಟೋದಲ್ಲಿ ಚೆನ್ನ. ಆದರೆ ಆ ಕಾಲದವರು ಯಾರೂ ಅಡುಗೆಮನೆಯನ್ನು ಹೀಗೆ ಮಾಡುತ್ತಿರಲಿಲ್ಲ. ದಿನಕ್ಕೆರಡು ಸಲ ಸಾಸಿವೆ ಸಿಡಿಯುವ ಮನೆಗೆ ಇದು ಆರು ತಿಂಗಳೂ ಬಾಳುವುದಿಲ್ಲ.

ಎರಡು, ಬಂಗಲೆ ಅಡುಗೆಮನೆಯ ನೋಟ. ನಡುವೆ ಆಳುದ್ದದ ಮೇಜು, ಗೋಡೆ ತುಂಬ ತಾಮ್ರದ ಪಾತ್ರೆ, ಭಾರಿ ಒಲೆ. ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಮನೆಯಲ್ಲಿ ಇದನ್ನು ನೋಡಬಹುದು. 1881ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ ಮನೆ ಅದು. ಎಲ್ಲರೂ ಅಲ್ಲಿನ ದೊಡ್ಡ ಅಡುಗೆಮನೆಯ ಫೋಟೋ ತೆಗೆದುಕೊಂಡು ಬರುತ್ತಾರೆ. ನಾನೂ ತೆಗೆದೆ. ಆದರೆ ನಮ್ಮಂಥವರು ನೋಡಬೇಕಾದದ್ದು ಅದರ ಪಕ್ಕದ ಸ್ಕಲರಿಯನ್ನು.

ಮೂರನೆಯದೇ ಆ ಸ್ಕಲರಿ ನೋಟ. ಕೆಂಪು ನೆಲ, ಸುಣ್ಣದ ಗೋಡೆ, ಮರದ ಪಟ್ಟಿ, ಆಳದ ಸಿಂಕು, ಮೇಲಿಂದ ಇಳಿಬಿದ್ದ ಹಲಗೆ. ಅಲಂಕಾರ ಕಡಿಮೆ. ಎಲ್ಲವನ್ನೂ ನೀರು ಹಾಕಿ ಉಜ್ಜಬಹುದು. ಪುಟ್ಟ ಜಾಗಕ್ಕೆ ಹೊಂದುತ್ತದೆ, ನಮ್ಮ ಅಡುಗೆಗೂ ಹೊಂದುತ್ತದೆ, ಮನೆಯ ಇತಿಹಾಸಕ್ಕೂ ನಿಜ. ನನ್ನ ಓಟು ಇದಕ್ಕೇ. ಮುಂದೆ ಹೇಳುವ ಆಯ್ಕೆಗಳನ್ನೆಲ್ಲ ಈ ಕಣ್ಣಿಂದಲೇ ತೂಗಿದ್ದೇನೆ.

ಕೂಡಿಸಿದ ಕಪಾಟೋ, ಬಿಡಿ ಸಾಮಾನೋ?

ವಿಕ್ಟೋರಿಯನ್ ಅಡುಗೆಮನೆಯಲ್ಲಿ ಗೋಡೆಯುದ್ದಕ್ಕೂ ಕೂಡಿಸಿದ ಕಪಾಟು ಇರಲಿಲ್ಲ. ಮೇಜು ಬೇರೆ, ಪಾತ್ರೆಯ ಡ್ರೆಸರ್ ಬೇರೆ, ಸಿಂಕು ಬೇರೆ. ಇವತ್ತಿನ ಕೂಡಿಸಿದ ಅಡುಗೆಮನೆಗೆ ಅಜ್ಜಿ ಅಂದರೆ ಜರ್ಮನಿಯ ಫ್ರಾಂಕ್‌ಫರ್ಟ್ ಕಿಚನ್. ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಮಾಡಿದ್ದು. ಅದರ ಅಳತೆ 1.9 ಮೀಟರ್‌ಗೆ 3.4 ಮೀಟರ್. ಹೆಚ್ಚುಕಡಿಮೆ ನಮ್ಮನೆಯದೇ ಅಳತೆ! ಅಂದರೆ ಇಷ್ಟು ಚಿಕ್ಕ ಜಾಗದ ಕಷ್ಟಕ್ಕೆ ಅಂತಲೇ ಹುಟ್ಟಿದ ಉಪಾಯ ಅದು.

ಹಾಗಾಗಿ ಇಲ್ಲಿ ಹಟ ಬೇಡ. ಎರಡು ಮೀಟರ್ ಅಗಲದ ಕೋಣೆಯಲ್ಲಿ ಬಿಡಿ ಸಾಮಾನು ಇಟ್ಟರೆ ಸಂದಿಗಳಲ್ಲೇ ಅರ್ಧ ಜಾಗ ಹೋಗುತ್ತದೆ, ಆ ಸಂದಿಗಳಲ್ಲಿ ಅಕ್ಕಿ, ಬೇಳೆ, ಈರುಳ್ಳಿ ಸಿಪ್ಪೆ ಸೇರಿಕೊಳ್ಳುತ್ತದೆ. ಕೆಳಗೆ ಕೂಡಿಸಿದ ಕಪಾಟು, ಮೇಲೆ ಬರೀ ಹಲಗೆ. ಇದು ಒಳ್ಳೆಯ ರಾಜಿ. ಮೇಲಿನ ಅರ್ಧ ಖಾಲಿ ಇದ್ದರೆ ಕೋಣೆಯೂ ದೊಡ್ಡದಾಗಿ ಕಾಣುತ್ತದೆ.

ಬಾಗಿಲು ಆರಿಸುವಾಗ ಅಂಗಡಿಯವರು 'ಶೇಕರ್' ಬಾಗಿಲು ತೋರಿಸಿ ವಿಕ್ಟೋರಿಯನ್ ಅನ್ನುತ್ತಾರೆ. ಶೇಕರ್ ಅನ್ನೋದು ಅಮೆರಿಕದಲ್ಲಿ ನೆಲೆಸಿದ ಒಂದು ಕ್ರೈಸ್ತ ಪಂಥ, ಸರಳ ಮರಗೆಲಸಕ್ಕೆ ಹೆಸರಾದವರು. ವಿಕ್ಟೋರಿಯಾಗೂ ಅವರಿಗೂ ಸಂಬಂಧವಿಲ್ಲ. ಆದರೂ ಸರಳ ಚೌಕಟ್ಟು ಇಲ್ಲಿ ಚೆನ್ನಾಗಿಯೇ ಕೂರುತ್ತದೆ, ಬೆಲೆಯೂ ಕಡಿಮೆ. ಹಳೇ ಮರಗೆಲಸಕ್ಕೆ ಇನ್ನೂ ಹತ್ತಿರ ಅಂದರೆ ಚೌಕಟ್ಟಿನ ಒಳಗೇ ಬಾಗಿಲು ಮುಚ್ಚಿಕೊಳ್ಳುವ ಬಗೆ. ನೋಡೋಕೆ ಬಹಳ ಚೆಂದ. ಆದರೆ ಚೌಕಟ್ಟಿನ ದಪ್ಪದಿಂದ ಪ್ರತಿ ಕಪಾಟಿನ ಬಾಯಿಯೂ ಕಿರಿದಾಗುತ್ತದೆ. ದೊಡ್ಡ ಕುಕ್ಕರ್, ಇಡ್ಲಿ ಪಾತ್ರೆ ಒಳಗೆ ಹೋಗುತ್ತವಾ ಅಂತ ಅಳತೆ ಹಿಡಿದು ನೋಡಿ. ನಾವು ಅದಕ್ಕೇ ಬಿಟ್ಟೆವು.

ನೆಲ

ಇಲ್ಲಿ ನಾಲ್ಕು ದಾರಿ ಇವೆ.

ಎನ್‌ಕಾಸ್ಟಿಕ್ ಟೈಲ್ಸ್ ಅಂದರೆ ಬಣ್ಣ ಬಳಿದದ್ದಲ್ಲ. ಬೇರೆ ಬೇರೆ ಬಣ್ಣದ ಜೇಡಿಯನ್ನು ಅಚ್ಚಿನಲ್ಲಿ ತುಂಬಿ ಸುಟ್ಟದ್ದು. ಅದಕ್ಕೇ ಎಷ್ಟು ಸವೆದರೂ ಚಿತ್ತಾರ ಬೇಗ ಅಳಿಯುವುದಿಲ್ಲ. ಸ್ಟೋಕ್-ಆನ್-ಟ್ರೆಂಟ್‌ನ ಮಿಂಟನ್, ಶ್ರಾಪ್‌ಶೈರ್‌ನ ಮಾ ಕಂಪನಿ ಇವನ್ನು ಆ ಕಾಲದಲ್ಲಿ ಲೋಕಕ್ಕೆಲ್ಲ ಕಳಿಸುತ್ತಿದ್ದವು. ಆದರೆ ಇವು ಇದ್ದದ್ದು ಮುಂಬಾಗಿಲ ಓಣಿಯಲ್ಲಿ, ಬಂದವರ ಕಣ್ಣಿಗೆ ಬೀಳುವಲ್ಲಿ. ಸ್ಕಲರಿಯಲ್ಲಿ ಅಲ್ಲ. ಚಿಕ್ಕ ಅಡುಗೆಮನೆಗೆ ಹಾಕಿದರೆ ಕಣ್ಣಿಗೆ ಗಿಜಿಬಿಜಿ, ಕಿಸೆಗೂ ಭಾರ. ಓಣಿಯಲ್ಲಿ ಹಳೆಯವು ಉಳಿದಿದ್ದರೆ ಅವನ್ನು ಜೋಪಾನ ಮಾಡಿ, ಸಾಕು.

ಸ್ಕಲರಿಯ ನೆಲ ಅಂದರೆ ಕ್ವಾರಿ ಟೈಲ್ಸ್. ಆರಂಗುಲದ ಚೌಕ, ಹೊಳಪಿಲ್ಲದ ಸುಟ್ಟ ಜೇಡಿ, ಕೆಂಪು ಅಥವಾ ಕಪ್ಪು. ಚದುರಂಗದ ಮಣೆಯ ಹಾಗೆ ಎರಡನ್ನೂ ಬೆರೆಸಿ ಹಾಕುವುದೂ ಉಂಟು. ನಮ್ಮೂರ ಕೆಂಪು ಗಾರೆ ನೆಲ ನೆನಪಾಗುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಎರಡೂ ಕಡೆ ಒಂದೇ ಕಾಲದಲ್ಲಿ ಕೆಂಪು ಜೇಡಿ ಸುಡುತ್ತಿದ್ದರು ಅನ್ನೋದು ನನಗೆ ಸುಮ್ನೆ ಖುಷಿ ಕೊಡುವ ವಿಚಾರ. ಬೆಲೆ ಎನ್‌ಕಾಸ್ಟಿಕ್‌ಗಿಂತ ಎಷ್ಟೋ ಕಡಿಮೆ. ಎಣ್ಣೆ, ಅರಿಶಿನ, ಸಾರು ಏನು ಚೆಲ್ಲಿದರೂ ಕೆಂಪಿನಲ್ಲಿ ಎದ್ದು ಕಾಣುವುದಿಲ್ಲ. ತೊಂದರೆ ಎರಡು. ಚಳಿಗಾಲದಲ್ಲಿ ಕಾಲು ಕೊರೆಯುತ್ತದೆ. ಕೈಜಾರಿದ ಲೋಟ ಉಳಿಯುವುದಿಲ್ಲ.

ನಿಮ್ಮ ಮನೆಯ ವಿನೈಲ್ ಹಾಸಿನ ಕೆಳಗೇ ಹಳೇ ಕ್ವಾರಿ ನೆಲ ಇರಬಹುದು. ಆದರೆ ಕಂಡ ತಕ್ಷಣ ಕೆರೆಯೋಕೆ ಹೋಗಬೇಡಿ. ಹಳೇ ವಿನೈಲ್ ಬಿಲ್ಲೆಗಳಲ್ಲಿ, ಅವುಗಳ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಬ್ರಿಟನ್ ಅದನ್ನು ಪೂರ್ತಿ ನಿಲ್ಲಿಸಿದ್ದು 1999ರಲ್ಲಿ. ಮೊದಲು ಚೂರು ಪರೀಕ್ಷೆಗೆ ಕಳಿಸಿ.

ನಮ್ಮನೆಯಲ್ಲಿ ಹಳೇ ನೆಲ ಸಿಕ್ಕಿತು. ಸಿಕ್ಕ ಖುಷಿಯಲ್ಲಿ ಒಬ್ಬ ಕೆಲಸದವರನ್ನು ಕರೆಸಿ ಹೊಳೆಯುವ ಸೀಲರ್ ಬಳಿಸಿದೆವು. ಎರಡೇ ತಿಂಗಳಲ್ಲಿ ಬಿಳಿ ಬಿಳಿ ಉಪ್ಪಿನ ಕಲೆ ಎದ್ದಿತು. ಕಾರಣ ಸರಳ. ಹಳೇ ನೆಲದ ಕೆಳಗೆ ತೇವ ತಡೆಯುವ ಹಾಳೆ ಇಲ್ಲ, ನೆಲ ಮಣ್ಣಿಂದ ತೇವ ಹೀರಿ ಮೇಲಕ್ಕೆ ಬಿಡುತ್ತಿರುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಮುಚ್ಚಿದರೆ ತೇವಕ್ಕೆ ದಾರಿ ಇಲ್ಲ. ಎಲ್ಲ ಕೆರೆಸಿ, ಅಗಸೆ ಎಣ್ಣೆ ತೆಳ್ಳಗೆ ಉಜ್ಜಿದ ಮೇಲೆ ಸರಿಹೋಯಿತು. ದುಡ್ಡು ಎರಡು ಸಲ ಹೋಯಿತು.

ಮೂರನೆಯದು ಲಿನೋಲಿಯಂ. ಇದನ್ನು ಕೀಳಾಗಿ ನೋಡುವವರೇ ಜಾಸ್ತಿ, ಆದರೆ ಇದು ಅಪ್ಪಟ ವಿಕ್ಟೋರಿಯನ್. ಫ್ರೆಡರಿಕ್ ವಾಲ್ಟನ್ 1863ರಲ್ಲಿ ಪೇಟೆಂಟ್ ಪಡೆದದ್ದು. ಗಟ್ಟಿಯಾದ ಅಗಸೆ ಎಣ್ಣೆ, ಬಿರಡೆಯ (ಕಾರ್ಕ್) ಪುಡಿ, ರಾಳ, ಕೆಳಗೆ ಸೆಣಬಿನ ಬಟ್ಟೆ. ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ ಇವತ್ತಿಗೂ ತಯಾರಾಗುತ್ತದೆ. ಕಾಲಿಗೆ ಬೆಚ್ಚಗೆ, ಬಿದ್ದ ಲೋಟ ಬದುಕುತ್ತದೆ. ಮಕ್ಕಳಿರುವ ಮನೆಗೆ, ಮರದ ನೆಲದ ಮೇಲಿನ ಅಡುಗೆಮನೆಗೆ ನಾನು ಇದನ್ನೇ ಹೇಳುವುದು. ಸೋಡಾ ಹಾಕಿದ ಖಾರ ಸೋಪು ಮಾತ್ರ ಬೇಡ.

ನಾಲ್ಕನೆಯದು ಎನ್‌ಕಾಸ್ಟಿಕ್ ಚಿತ್ರ ಅಚ್ಚೊತ್ತಿದ ವಿನೈಲ್. ಬಾಡಿಗೆ ಮನೆಗೆ ಸರಿ.

ಗೋಡೆ ಮತ್ತು ಬಣ್ಣ

ಒಲೆಯ ಹಿಂದೆ ಟೈಲ್ಸ್, ಉಳಿದ ಕಡೆ ಸೊಂಟದೆತ್ತರಕ್ಕೆ ಉದ್ದುದ್ದ ಮರದ ಪಟ್ಟಿ, ಅದರ ಮೇಲೆ ಬಣ್ಣ. ಇಷ್ಟರಲ್ಲೇ ಕೋಣೆಯ ಕಳೆ ಬದಲಾಗುತ್ತದೆ.

ಟೈಲ್ಸ್‌ನಲ್ಲಿ ಎಲ್ಲರೂ ತೆಗೆದುಕೊಳ್ಳುವುದು ಅಂಚು ಇಳಿಜಾರಾದ ಬಿಳಿ 'ಮೆಟ್ರೋ' ಟೈಲ್ಸ್. ನೆಲದಡಿಯ ರೈಲು ನಿಲ್ದಾಣಗಳಿಂದ ಬಂದ ಹೆಸರದು. ಪ್ಯಾರಿಸ್ ಮೆಟ್ರೋ ಶುರುವಾದದ್ದು 1900ರಲ್ಲಿ, ನ್ಯೂಯಾರ್ಕಿನ ಸಬ್‌ವೇ 1904ರಲ್ಲಿ. ಮೊದಲನೆಯದರ ಹೊತ್ತಿಗೆ ರಾಣಿಯ ಕಾಲ ಮುಗಿಯುತ್ತಾ ಬಂದಿತ್ತು, ಎರಡನೆಯದರ ಹೊತ್ತಿಗೆ ರಾಣಿಯೇ ಇರಲಿಲ್ಲ. ಇಂಗ್ಲೆಂಡಿನಲ್ಲೂ ಬಿಳಿ ಹೊಳಪಿನ ಟೈಲ್ಸ್ ಇದ್ದವು, ಹಾಲಿನ ಡೇರಿಗಳಲ್ಲಿ, ಮಾಂಸದಂಗಡಿಗಳಲ್ಲಿ. ಆ ಲೆಕ್ಕಕ್ಕೆ ತಪ್ಪೇನಿಲ್ಲ. ನನ್ನ ತಕರಾರು ಬೇರೆ: ಆ ಇಳಿಜಾರು ಅಂಚಿನಲ್ಲಿ ಜಿಡ್ಡು ಕೂರುತ್ತದೆ. ಚಪ್ಪಟೆಯಾದ, ಮೇಲ್ಮೈ ಚೂರು ಅಂಕುಡೊಂಕಾದ ಟೈಲ್ಸ್ ತೆಗೆದುಕೊಳ್ಳಿ. ಒರೆಸೋಕೂ ಸುಲಭ, ಹಳೆಯದರ ಹಾಗೂ ಕಾಣುತ್ತದೆ. ಸಂದಿಗೆ ಬಿಳಿ ಗ್ರೌಟ್ ಬೇಡವೇ ಬೇಡ. ಬೂದು ಹಾಕಿಸಿ. ಅರಿಶಿನದ ಕಲೆಗೆ ಸೋಡಾ ಇರುವ ಸೋಪು ತಾಗಿದರೆ ಕೆಂಪಾಗುತ್ತದೆ, ಗೊತ್ತಲ್ವಾ? ಅರಿಶಿನಕ್ಕೆ ಸುಣ್ಣ ಹಾಕಿ ಕುಂಕುಮ ಮಾಡುತ್ತಿದ್ದ ಹಾಗೆಯೇ. ನಮ್ಮ ಮೊದಲ ವರ್ಷದ ಬಿಳಿ ಗ್ರೌಟ್ ಯಾವುದೋ ಪೂಜೆ ಮುಗಿದ ಹಾಗಿತ್ತು.

ಮರದ ಪಟ್ಟಿಗೆ ಪೈನ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಿಗುತ್ತದೆ. ಎಂಡಿಎಫ್ ನೇರವಾಗಿ ಕೂರುತ್ತದೆ, ಅಗ್ಗ. ಆದರೆ ಸಿಂಕಿನ ಹತ್ತಿರ ನೀರು ಕುಡಿದು ಊದಿಕೊಳ್ಳುತ್ತದೆ. ಅಲ್ಲಿ ತೇವ ತಡೆಯುವ ಹಸಿರು ಬಗೆಯದ್ದನ್ನಾದರೂ ಹಾಕಿ. ಅದಕ್ಕೂ ಮೊದಲು ಗೋಡೆ ಮುಟ್ಟಿ ನೋಡಿ. ಈ ಮನೆಗಳದ್ದು ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ ಗೋಡೆ, ನಡುವೆ ಗಾಳಿಯ ಸಂದಿ ಇಲ್ಲ. ತೇವ ಇರುವ ಗೋಡೆಗೆ ಪಟ್ಟಿ ಹೊಡೆದರೆ ಸಮಸ್ಯೆ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಹಿಂದೆ ಬೂಸ್ಟು ಬೆಳೆಯುತ್ತಲೇ ಇರುತ್ತದೆ. ಸಿಮೆಂಟ್ ಗಾರೆಗಿಂತ ಸುಣ್ಣದ ಗಾರೆ, ಪ್ಲಾಸ್ಟಿಕ್ ಪೇಂಟಿಗಿಂತ ಗೋಡೆಗೆ ಉಸಿರಾಡಲು ಬಿಡುವ ಬಣ್ಣ ವಾಸಿ.

ಬಣ್ಣದ ಮಾತಿಗೆ ಬಂದರೆ, ಬಡವರ ಸ್ಕಲರಿಗೆ ಆಗಾಗ ಸುಣ್ಣ ಬಳಿಯುತ್ತಿದ್ದರು, ನಾವು ಹಬ್ಬಕ್ಕೆ ಬಳಿಯುತ್ತಿದ್ದ ಹಾಗೆ. ದೊಡ್ಡ ಮನೆಗಳಲ್ಲಿ ನೀಲಿಯೂ ಇತ್ತು. ನೀಲಿ ಗೋಡೆಗೆ ನೊಣ ಬರುವುದಿಲ್ಲ ಅಂತ ನಂಬಿಕೆ. ಕೆನೆ, ಕಲ್ಲಿನ ಬೂದು, ಮಂಕು ಹಸಿರು ಇವೆಲ್ಲ ಹೊಂದುತ್ತವೆ. ಹಸಿರು ಅಂದಾಗ ಒಂದು ಮಾತು. ಆ ಕಾಲದ ಜನಪ್ರಿಯ ಪಚ್ಚೆ ಹಸಿರಿನಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇರುತ್ತಿತ್ತು. ವಾಲ್‌ಪೇಪರ್‌ಗಳಲ್ಲೂ ಅದೇ ಬಣ್ಣ. ಇನ್ನು ಹಳೇ ಎಣ್ಣೆ ಪೇಂಟಿನಲ್ಲಿ ಸೀಸ. ಬ್ರಿಟನ್ನಿನ ಅಂಗಡಿಗಳಲ್ಲಿ ಸಾಮಾನ್ಯ ಜನಕ್ಕೆ ಸೀಸದ ಬಣ್ಣ ಮಾರುವುದು ನಿಂತದ್ದು 1992ರಲ್ಲಿ. ಹಾಗಾಗಿ ಹಳೇ ಬಾಗಿಲು, ಕಿಟಕಿ, ಗೋಡೆಯ ಪದರಗಳನ್ನು ಒಣದಾಗಿ ಉಜ್ಜಬೇಡಿ. ಮಕ್ಕಳಿದ್ದರಂತೂ ಖಂಡಿತ ಬೇಡ.

ಸಿಂಕು

ವಿಕ್ಟೋರಿಯನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬೆಲ್‌ಫಾಸ್ಟ್ ಸಿಂಕು. ಬಿಳಿ ಹೊಳಪಿನ ದಪ್ಪ ಪಿಂಗಾಣಿ ತೊಟ್ಟಿ. ಇದಕ್ಕೊಂದು ತಮ್ಮನಿದ್ದಾನೆ, ಬಟ್ಲರ್ ಸಿಂಕು. ಬೆಲ್‌ಫಾಸ್ಟ್‌ನ ಒಳಗೋಡೆಯಲ್ಲಿ ನೀರು ಉಕ್ಕದಂತೆ ಹರಿದುಹೋಗುವ ಕಿಂಡಿ ಇರುತ್ತದೆ, ಲಂಡನ್ನಿನ ಬಟ್ಲರ್‌ಗೆ ಇಲ್ಲ. ಲಂಡನ್ನಿನಲ್ಲಿ ನೀರಿಗೆ ಬರ, ಪೋಲು ಮಾಡಬಾರದು ಅಂತ ಹಾಗೆ ಮಾಡಿದರು ಅನ್ನುವ ಕತೆ ಹೇಳುತ್ತಾರೆ. ನಲ್ಲಿ ತಿರುಗಿಸಿ ಫೋನ್ ಎತ್ತಿಕೊಳ್ಳುವ ಅಭ್ಯಾಸ ಇದ್ದರೆ ಬೆಲ್‌ಫಾಸ್ಟೇ ಸರಿ.

ಚಿಕ್ಕ ಅಡುಗೆಮನೆಗೆ ಇದು ಬೇಕಾ? ಪರವಾಗಿರುವ ಮಾತು ಮೊದಲು. ಒಳಗೆ ಸುಮಾರು 20 ಸೆಂಟಿಮೀಟರಿಗೂ ಮೀರಿದ ಆಳ. ದೊಡ್ಡ ಕುಕ್ಕರ್, ದೋಸೆ ಕಾವಲಿ, ಗ್ರೈಂಡರ್ ಪಾತ್ರೆ ಎಲ್ಲ ಒಳಗೇ ಮುಳುಗುತ್ತವೆ. ತೊಳೆಯದ ಪಾತ್ರೆ ರಾಶಿ ಬಾಗಿಲಿಂದ ಕಾಣುವುದಿಲ್ಲ. ಚಿಕ್ಕ ಕೋಣೆಯಲ್ಲಿ ಇದು ಸಣ್ಣ ಲಾಭ ಅಲ್ಲ.

ಈಗ ವಿರುದ್ಧ. 60 ಸೆಂಟಿಮೀಟರ್ ಅಗಲದ್ದೇ ಖಾಲಿ ಇದ್ದಾಗ 30-40 ಕೆಜಿ ತೂಗುತ್ತದೆ. ನೀರು ತುಂಬಿದರೆ ಅದರ ಎರಡರಷ್ಟು. ಕೆಳಗೆ ಗಟ್ಟಿ ಆಧಾರವೇ ಬೇಕು, ಮಾಮೂಲಿ ಕಪಾಟಿನ ಮೇಲೆ ಕೂರಿಸುವ ಹಾಗಿಲ್ಲ. ಪಾತ್ರೆ ಒಣಗಿಸುವ ಇಳಿಜಾರು ಜೊತೆಗೆ ಬರುವುದಿಲ್ಲ, ಕಟ್ಟೆಯಲ್ಲೇ ಗೀರು ಕೊರೆಸಬೇಕು. ಗಾಜು, ಪಿಂಗಾಣಿ ತಟ್ಟಿದರೆ ಚೂರು. ಆ ಕಾಲದ ಬಂಗಲೆಗಳಲ್ಲಿ ಒಳ್ಳೆಯ ಪಿಂಗಾಣಿಯನ್ನು ಇದರಲ್ಲಿ ತೊಳೆಯುತ್ತಲೇ ಇರಲಿಲ್ಲ. ಅದಕ್ಕೆ ಮೆತ್ತಗಿರಲಿ ಅಂತ ಮರದ್ದೋ, ಸೀಸದ ತಗಡು ಹೊದಿಸಿದ್ದೋ ಬೇರೆ ಸಿಂಕು. ನಮ್ಮ ಸ್ಟೀಲು ಪಾತ್ರೆಗಳಿಗೆ ಏನೂ ಆಗುವುದಿಲ್ಲ, ಆದರೆ ಅವು ಸಿಂಕಿಗೆ ಬೂದು ಗೀರು ಬಿಡುತ್ತವೆ. ತಳಕ್ಕೊಂದು ರಬ್ಬರ್ ಚಾಪೆ ಹಾಕಿದರೆ ಎರಡೂ ತಾಪತ್ರಯ ಕಡಿಮೆ.

ನಾವು 60ರ ಬೆಲ್‌ಫಾಸ್ಟ್ ಹಾಕಿಸಿದೆವು. ಇಡೀ ಅಡುಗೆಮನೆಯಲ್ಲಿ 'ಹಳೇದು' ಅಂತ ಒಂದೇ ವಸ್ತು ಎದ್ದು ಕಾಣಬೇಕು ಅಂದರೆ ಅದು ಇದೇ ಆಗಲಿ. ಕಟ್ಟೆಯ ಉದ್ದ ಎರಡು ಮೀಟರ್‌ಗಿಂತ ಕಡಿಮೆ ಇದ್ದರೆ ಮಾತ್ರ ನಾನೂ ಸ್ಟೀಲ್ ಸಿಂಕನ್ನೇ ಹೇಳುತ್ತೇನೆ. ಹಿತ್ತಾಳೆಯ ಹಳೇ ಮಾದರಿ ನಲ್ಲಿ ಹಾಕಿದರೆ ಅದೂ ಒಪ್ಪುತ್ತದೆ. ಬಿಸಿ, ತಣ್ಣೀರಿಗೆ ಬೇರೆ ಬೇರೆ ನಲ್ಲಿ ಹಾಕಿಸುವ ಹುಚ್ಚು ಮಾತ್ರ ಬೇಡ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಹೆಪ್ಪುಗಟ್ಟುತ್ತದೆ.

ಕಟ್ಟೆ

ಅಮೃತಶಿಲೆ ಬಂಗಲೆಯ ಕಲ್ಲು. ತಣ್ಣಗಿರುತ್ತದೆ ಅಂತ ಬೆಣ್ಣೆ, ಪೇಸ್ಟ್ರಿ ಕೆಲಸಕ್ಕೆ ಇಡುತ್ತಿದ್ದರು. ನಮಗೆ ಇದು ಕೂಡದು. ಹುಣಸೆಹುಳಿ, ನಿಂಬೆರಸ ಬಿದ್ದರೆ ಹೊಳಪು ತಿಂದುಹಾಕುತ್ತದೆ, ಅರಿಶಿನ ಒಳಕ್ಕಿಳಿಯುತ್ತದೆ. ಯಾರೋ ಕೊಟ್ಟ ಸಣ್ಣ ತುಂಡಿದ್ದರೆ ಚಪಾತಿ ಲಟ್ಟಿಸೋಕೆ ಇಟ್ಟುಕೊಳ್ಳಿ.

ಮರದ ಕಟ್ಟೆ ಬೆಚ್ಚಗೆ ಕಾಣುತ್ತದೆ, ಆ ಕಾಲಕ್ಕೆ ನಿಜವೂ ಹೌದು. ಉಜ್ಜಿ ಉಜ್ಜಿ ಬೆಳ್ಳಗಾದ ಪೈನ್ ಮೇಜು ಪ್ರತಿ ಅಡುಗೆಮನೆಯಲ್ಲೂ ಇರುತ್ತಿತ್ತು. ಸಿಂಕಿನ ಅಂಚಲ್ಲಿ ಮಾತ್ರ ನೀರು ನಿಂತು ಕಪ್ಪಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಎಣ್ಣೆ ಉಜ್ಜುವ ತಾಳ್ಮೆ ಇದ್ದರೆ ಸರಿ. ಓಕ್‌ಗಿಂತ ಇರೋಕೊ ಅಥವಾ ತೇಗ ಉತ್ತಮ, ಮರದಲ್ಲೇ ಎಣ್ಣೆ ಇದೆ. ಹಳೇ ಸಾಮಾನಿನ ಯಾರ್ಡ್‌ಗಳಲ್ಲಿ ಶಾಲೆಯ ಲ್ಯಾಬ್‌ಗಳಿಂದ ಕಿತ್ತ ಇರೋಕೊ, ತೇಗದ ಹಲಗೆ ಸಿಗುತ್ತದೆ. ಕೆಲವುದರಲ್ಲಿ ಹುಡುಗರು ಕೆತ್ತಿದ ಹೆಸರೂ ಇರುತ್ತದೆ.

ನಾನು ಸೋತದ್ದು ಸ್ಲೇಟಿಗೆ. ವೇಲ್ಸ್‌ನ ಸ್ಲೇಟು. ಈ ಸಾಲುಮನೆಗಳ ಸೂರಿನ ಮೇಲಿರುವುದೂ ಹೆಚ್ಚಾಗಿ ಅದೇ ಕಲ್ಲು, ಹಳೇ ಉಗ್ರಾಣದ ತಣ್ಣನೆ ಹಲಗೆಯೂ ಅದೇ. ಕಪ್ಪು ಬೂದು ಬಣ್ಣ. ಹುಳಿಗೆ ಜಗ್ಗುವುದಿಲ್ಲ, ಅರಿಶಿನ ಕಾಣುವುದಿಲ್ಲ, ಬಿಸಿ ಪಾತ್ರೆ ಇಳಿಸಬಹುದು. ಗೀರು ಬೀಳುತ್ತದೆ, ನಿಜ. ಒಂದು ಹನಿ ಎಣ್ಣೆ ಬಟ್ಟೆಯಲ್ಲಿ ಉಜ್ಜಿದರೆ ಮಾಯ. ಒಂದನೇ ಕ್ಲಾಸಿನಲ್ಲಿ ಬರೆದು ಅಳಿಸಿದ್ದ ಸ್ಲೇಟಿನ ಮೇಲೆ ಈಗ ಕೊತ್ತಂಬರಿ ಹೆಚ್ಚುತ್ತೇನೆ. ಬೆಲೆ ಜಾಸ್ತಿಯೇ. ಆದರೆ ನಮ್ಮ ಕಟ್ಟೆಯೇ ಚಿಕ್ಕದು, ಚಿಕ್ಕ ಅಡುಗೆಮನೆಯ ಒಂದೇ ಸುಖ ಅದು. ಬಜೆಟ್ ಇಲ್ಲದಿದ್ದರೆ ಹೊಳಪಿಲ್ಲದ ಕಡುಬೂದು ಲ್ಯಾಮಿನೇಟ್ ಹಾಕಿ. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಒಲೆ ಮತ್ತು ಹೊಗೆ

ಆಗಾ ಎಂಬ ಬೀಡುಕಬ್ಬಿಣದ ಭಾರಿ ಒಲೆ ತರಬೇಕು ಅನ್ನುವವರು ಸಿಗುತ್ತಾರೆ. ಆಗಾ ವಿಕ್ಟೋರಿಯನ್ ಅಲ್ಲ. ಭೌತಶಾಸ್ತ್ರದ ನೊಬೆಲ್ ಪಡೆದಿದ್ದ ಸ್ವೀಡನ್ನಿನ ಗುಸ್ತಾಫ್ ದಲೇನ್ 1922ರಲ್ಲಿ ಮಾಡಿದ್ದು. ನೂರಾರು ಕೆಜಿ ಭಾರ. ಏಳು ಚದರ ಮೀಟರ್ ಕೂಡ ಇಲ್ಲದ ಕೋಣೆಗೆ ಆನೆ ತಂದು ಕಟ್ಟಿದ ಹಾಗೆ. ಒಗ್ಗರಣೆಗೆ ಬೇಕಾದ ಚುರುಕು ಉರಿಯೂ ಅದರದ್ದಲ್ಲ.

ನಡುಕೋಣೆಯಲ್ಲಿ ಹಳೇ ಬೀಡಿನ ಒಲೆ ಉಳಿದಿದ್ದರೆ ಅಲ್ಲೇ ಬಿಡಿ, ಮಸಿಬಣ್ಣ ಉಜ್ಜಿ ಹೊಳಪು ಮಾಡಿ, ಅದರ ಚೆಲುವು ಅಲ್ಲೇ. ಅಡುಗೆಗೆ ಕಪ್ಪು ಗ್ಯಾಸ್ ಒಲೆಯೋ, ಇಂಡಕ್ಷನ್ನೋ ಇರಲಿ. ಇಂಡಕ್ಷನ್ ಸಪಾಟಾಗಿ ಕಟ್ಟೆಯಲ್ಲೇ ಮರೆಯಾಗುತ್ತದೆ, ಹಳೇ ನೋಟಕ್ಕೆ ಅಡ್ಡಿ ಬರುವುದಿಲ್ಲ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ಪಾತ್ರೆ ಮಾತ್ರ ಅದರ ಮೇಲೆ ಬಿಸಿಯಾಗುವುದಿಲ್ಲ.

ಅಂದಕ್ಕಿಂತ ಮುಖ್ಯವಾದದ್ದು ಹೊಗೆ. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಚಿಮಣಿ ಒಣಮೆಣಸಿನ ಘಾಟಿಗೆ ಏನೇನೂ ಸಾಲದು. ಹೊರಕ್ಕೆ ಬಿಡುವಂಥದ್ದೇ ಬೇಕು. ಇಂಗ್ಲೆಂಡಿನ ಕಟ್ಟಡ ನಿಯಮದ ಲೆಕ್ಕ ಹೀಗಿದೆ: ಒಲೆಯ ಮೇಲೇ ಇದ್ದು ಹೊರಕ್ಕೆ ಬಿಡುವ ಫ್ಯಾನ್ ಸೆಕೆಂಡಿಗೆ 30 ಲೀಟರ್ ಗಾಳಿ ಎಳೆಯಬೇಕು, ಕೋಣೆಯ ಬೇರೆಡೆ ಇದ್ದರೆ 60. ಅದು ಕನಿಷ್ಠ. ನಮ್ಮ ಅಡುಗೆಗೆ ಅದಕ್ಕಿಂತ ಹೆಚ್ಚಿನದ್ದು ತೆಗೆದುಕೊಳ್ಳಿ. ಒಳ್ಳೆಯ ಸುದ್ದಿ ಏನೆಂದರೆ ಸ್ಕಲರಿಗೆ ಹೊರಗೋಡೆ ಎರಡು ಮೂರು ಇರುತ್ತವೆ, ಕೊಳವೆ ಹಾಕೋದು ಸುಲಭ. ಮೇಲೆ ಬಣ್ಣ ಬಳಿದ ಮರದ ಪೆಟ್ಟಿಗೆ ಮುಚ್ಚಿದರೆ ಹಳೇ ಹೊಗೆಗೂಡಿನ ಹಾಗೇ ಕಾಣುತ್ತದೆ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಗೋಡೆ ಕೊರೆಯುವ ಮೊದಲು ಕೌನ್ಸಿಲ್‌ನ ಒಪ್ಪಿಗೆ ಬೇಕು.

ಇದು ಸರಿ ಇದ್ದರೆ ಮಾತ್ರ ತೆರೆದ ಹಲಗೆಯ ಮಾತು. ಇಲ್ಲದಿದ್ದರೆ ಹಲಗೆ ಮೇಲಿನ ಡಬ್ಬಗಳೆಲ್ಲ ವಾರಕ್ಕೇ ಅಂಟಂಟು. ದಿನಾ ಬಳಸುವ ತಟ್ಟೆ ಲೋಟ ಹಲಗೆ ಮೇಲೆ, ಉಳಿದದ್ದೆಲ್ಲ ಬಾಗಿಲ ಹಿಂದೆ. ಸ್ಟ್ಯಾಫರ್ಡ್‌ಶೈರ್‌ನ ನೀಲಿ-ಬಿಳಿ ಪಿಂಗಾಣಿ ನಾಲ್ಕು ತಟ್ಟೆ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ತಂದು ನಿಲ್ಲಿಸಿದರೆ, ಅದರ ಪಕ್ಕದಲ್ಲಿ ಸ್ಟೀಲ್ ಡಬ್ಬಗಳಿದ್ದರೂ ಕಣ್ಣಿಗೆ ಕಿರಿಕಿರಿ ಆಗುವುದಿಲ್ಲ.

ತಾಮ್ರ, ಮತ್ತು ತೂಗುವ ಹಲಗೆ

ಹಳೇ ತಾಮ್ರದ ಪಾತ್ರೆ ಇಲ್ಲಿನ ಸಂತೆಗಳಲ್ಲಿ ಧಾರಾಳ ಸಿಗುತ್ತದೆ. ಗೋಡೆಗೆ ನೇತುಹಾಕಲು ಯಾವುದಾದರೂ ಸರಿ. ಅಡುಗೆಗೆ ಬೇಕಾದರೆ ಒಳಗೆ ನೋಡಿ. ಕಲಾಯಿ ಹೋಗಿ ಕೆಂಪಗೆ ತಾಮ್ರ ಕಾಣುತ್ತಿದ್ದರೆ ಹುಳಿ ಪದಾರ್ಥ ಮಾಡುವ ಹಾಗಿಲ್ಲ. ನಮ್ಮ ಬೀದಿಗೆ ಕಲಾಯಿಯವನು ಬರುತ್ತಿದ್ದನಲ್ಲ, ಇಲ್ಲೂ ಅದೇ ತವರದ ಲೇಪ, ಅದೇ ಕೆಲಸ. ಮಾಡಿಕೊಡುವವರು ಇದ್ದಾರೆ, ಕೂಲಿ ಮಾತ್ರ ಪಾತ್ರೆಯ ಬೆಲೆಯನ್ನು ದಾಟಬಹುದು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಖಾಲಿ ಪಾತ್ರೆ ಒಲೆ ಮೇಲೆ ಮರೆತರೆ ಕಲಾಯಿ ಹೋಯಿತು ಅಂತಲೇ ಲೆಕ್ಕ. ಬೆಳಗೋಕೆ ಅಂಗಡಿಯ ಪಾಲಿಶ್ ಬೇಡ, ಹುಣಸೆಹಣ್ಣು ಮತ್ತು ಉಪ್ಪು ಸಾಕು.

ಇಡೀ ಮನೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಪ್ರಯೋಜನ ಕೊಟ್ಟದ್ದು ಪುಲ್ಲಿ ಏರರ್. ಎರಡು ಕಡೆ ಬೀಡುಕಬ್ಬಿಣದ ಹಿಡಿ, ನಡುವೆ ನಾಲ್ಕು ಉದ್ದ ಮರದ ಕೋಲು, ಹಗ್ಗ ಎಳೆದರೆ ಸೂರಿಗೆ ಏರುತ್ತದೆ. ಬೆಂಗಳೂರಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸಲು ಹಾಕುತ್ತಾರಲ್ಲ, ಅದರ ಮುತ್ತಜ್ಜಿ. ನೆಲದಲ್ಲಿ ಒಂದಿಂಚೂ ಜಾಗ ತಿನ್ನುವುದಿಲ್ಲ. ಕೊಳ್ಳುವ ಮೊದಲು ಸೂರಿನ ಎತ್ತರ ನೋಡಿ, ಕೊಕ್ಕೆಯನ್ನು ಬರೀ ಗಾರೆಗಲ್ಲ, ಮರದ ತೊಲೆಗೇ ತಿರುಗಿಸಿ. ಒಗೆದ ಬಟ್ಟೆ ಹಾಕಬೇಡಿ, ಸಾರಿನ ವಾಸನೆ ಹತ್ತುತ್ತದೆ. ಸೌಟು, ಬಾಣಲೆ, ಜರಡಿ, ಬುಟ್ಟಿ ಕೊಕ್ಕೆಗೆ ಸಿಕ್ಕಿಸಿ. ಎರಡನೇ ಸಲ ಬಂದಾಗ ಅಮ್ಮ ಅದರ ಮೇಲೆ ಹಳೇ ಪಂಚೆ ಕಟ್ಟಿ ಮಜ್ಜಿಗೆ ಮೆಣಸು ಹರವಿ ಮೇಲಕ್ಕೆಳೆದಳು. ಈ ಊರಿನ ಬಿಸಿಲಿಗೆ ಕಾದಿದ್ದರೆ ಬೂಸ್ಟು ಬರುತ್ತಿತ್ತು. ಸೂರಿನ ಬಿಸಿಗೆ ಎಂಟು ದಿನದಲ್ಲಿ ಗರಿಗರಿ ಒಣಗಿತು.